ಓದುಗರ ಪ್ರಶ್ನೆ, ನಮ್ಮ ಉತ್ತರ: ಬೈಕಿನ ಕ್ರೋಮ್ ಮತ್ತು ಅದರ ಆರೈಕೆ

ಬೈಕಿನ ಹೊಳೆಯುವ ಭಾಗಗಳ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕ್ರೋಮ್‌ಗೆ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ. ಆದರೆ ನನ್ನ ಬೈಕಿನ ಮಡ್‌ಗಾರ್ಡ್ ಮೇಲೆ ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು ಕಾಣಿಸಿಕೊಂಡಿವೆ. ಇದು ಕಳಪೆ ಕ್ರೋಮ್ ಇರಬಹುದೇ?

ಉತ್ತರ: ಕ್ರೋಮ್‌ಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ. ತುಕ್ಕು ಹಿಡಿದಿರುವುದು ಅದರ ಅಡಿಯಲ್ಲಿರುವ ಉಕ್ಕಿಗೆ. ಮಡ್‌ಗಾರ್ಡ್, ರಿಮ್, ಹ್ಯಾಂಡಲ್ ಬಾರ್ ಇವುಗಳ ಮೇಲಿನ ಲೇಪ ಒಂದೇ ಪದರದ್ದಲ್ಲ. ಉಕ್ಕಿನ ಮೇಲೆ ನಿಕಲ್, ಕೆಲವು ಸಲ ನಿಕಲ್‌ನ ಅಡಿಯಲ್ಲಿ ತಾಮ್ರ, ಎಲ್ಲದರ ಮೇಲೆ ಕ್ರೋಮ್. ಕನ್ನಡಿಯಂಥ ಹೊಳಪು ಬರುವುದು ಬಹುಪಾಲು ನಿಕಲ್‌ನಿಂದ. ಅದರ ದಪ್ಪ ಸಾಮಾನ್ಯವಾಗಿ 10ರಿಂದ 30 ಮೈಕ್ರಾನ್. ಮೇಲಿನ ಕ್ರೋಮ್ ಕೇವಲ 0.2ರಿಂದ 0.5 ಮೈಕ್ರಾನ್. ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಈ ಪದರ ಎಷ್ಟು ತೆಳು ಎಂದು ಊಹಿಸಿಕೊಳ್ಳಿ. ನಿಕಲ್ ಮಂಕಾಗಿ ಹಳದಿಗೆ ತಿರುಗದಂತೆ, ಗೀರು ಬೀಳದಂತೆ ಕಾಯುವುದು ಕ್ರೋಮ್‌ನ ಕೆಲಸ. ಆ ತಿಳಿನೀಲಿ ಛಾಯೆಯೂ ಅದರದ್ದೇ.

ಇಷ್ಟು ತೆಳ್ಳಗಿನ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು, ಸೂಕ್ಷ್ಮ ಬಿರುಕುಗಳು ಇದ್ದೇ ಇರುತ್ತವೆ. ನಿಕಲ್ ಪದರವೂ ತೆಳುವಾಗಿದ್ದರೆ, ಇಲ್ಲವೇ ಕಲ್ಲು ಹಾರಿ ಬಡಿದಿದ್ದರೆ, ನೀರು ಮತ್ತು ಉಪ್ಪಿನಂಶ ಆ ದಾರಿಯಲ್ಲಿ ಉಕ್ಕನ್ನು ತಲುಪುತ್ತವೆ. ಅಲ್ಲಿಂದಾಚೆ ನಿಕಲ್ ಮತ್ತು ಕ್ರೋಮ್ ಉಕ್ಕಿನ ನೆರವಿಗೆ ಬರುವುದಿಲ್ಲ. ಸತು ಲೇಪವಾದರೆ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ನಿಕಲ್ ಹಾಗಲ್ಲ, ಒದ್ದೆಯಲ್ಲಿ ಎರಡೂ ಲೋಹ ಸೇರಿದಾಗ ಉಕ್ಕೇ ಮೊದಲು ಸವೆಯುತ್ತದೆ. ಆದ್ದರಿಂದ ಮೇಲೆ ಕಾಣುವ ಚುಕ್ಕೆ ಚಿಕ್ಕದಿದ್ದರೂ ಒಳಗಿನ ಗುಂಡಿ ಅದಕ್ಕಿಂತ ಅಗಲವಾಗಿರಬಹುದು.

ಕಳಪೆ ಲೇಪದಲ್ಲಿ ಚುಕ್ಕೆ ಬೇಗ ಬರುತ್ತದೆ, ಒಳ್ಳೆಯದರಲ್ಲಿ ತಡವಾಗಿ ಬರುತ್ತದೆ. ಎರಡಕ್ಕೂ ಮದ್ದು ಒಂದೇ: ಆ ರಂಧ್ರಗಳಿಗೆ ನೀರು ಇಳಿಯದಂತೆ ನೋಡಿಕೊಳ್ಳುವುದು. ಕ್ರೋಮ್ ಆರೈಕೆ ಎಂದಾಕ್ಷಣ ಎಲ್ಲರೂ ಪಾಲಿಶ್ ಡಬ್ಬಿಗೆ ಕೈ ಹಾಕುತ್ತಾರೆ. ನಮ್ಮ ಪ್ರಕಾರ ಮೇಣಕ್ಕೆ, ಅಂದರೆ ವ್ಯಾಕ್ಸ್‌ಗೆ, ಮೊದಲ ಸ್ಥಾನ ಕೊಡಬೇಕು.

ಪ್ರಶ್ನೆ: ಬಂದಿರುವ ಚುಕ್ಕೆಗಳನ್ನು ಗೀರು ಬೀಳದಂತೆ ತೆಗೆಯುವುದು ಹೇಗೆ? ಕೆಲವರು ಸ್ಟೀಲ್ ವೂಲ್ ಎನ್ನುತ್ತಾರೆ, ಕೆಲವರು ಅಲ್ಯೂಮಿನಿಯಂ ಫಾಯಿಲ್ ಎನ್ನುತ್ತಾರೆ.

ಉತ್ತರ: ಫಾಯಿಲ್‌ನಿಂದ ಶುರು ಮಾಡಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಎಷ್ಟೋ ಮೆದು, ಹಾಗಾಗಿ ತುಕ್ಕು ಕೀಳುತ್ತದೆ, ಗಟ್ಟಿ ಕ್ರೋಮ್ ಉಳಿಯುತ್ತದೆ.

ಮೊದಲು ಭಾಗವನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಈ ಹಂತ ಬಿಟ್ಟರೆ ಗೀರು ಖಂಡಿತ, ಏಕೆಂದರೆ ಗೀರು ಹಾಕುವುದು ಫಾಯಿಲ್ ಅಲ್ಲ, ಅದರಡಿ ಸಿಕ್ಕಿಕೊಂಡ ಮರಳಿನ ಕಣ. ಆಮೇಲೆ ಅಂಗೈಯಗಲದ ಫಾಯಿಲ್ ತುಂಡನ್ನು ಸಡಿಲವಾಗಿ ಮುದುಡಿ, ಶುದ್ಧ ನೀರಿನಲ್ಲಿ ಅದ್ದಿ, ಚುಕ್ಕೆಗಳ ಮೇಲೆ ಎರಡು ಬೆರಳ ಒತ್ತಡದಲ್ಲಿ ಉಜ್ಜಿ. ಮೊದಲ ಕೆಲವು ಉಜ್ಜಿನಲ್ಲಿ ಬೆರಳಿಗೆ ತುಸು ಒರಟು ತಾಗುತ್ತದೆ. ತುಕ್ಕು ಏಳುತ್ತಿದ್ದಂತೆ ಆ ಒರಟು ಹೋಗಿ ಫಾಯಿಲ್ ಜಾರತೊಡಗುತ್ತದೆ, ನೀರು ಬೂದು ಮಿಶ್ರಿತ ಕಂದು ಬಣ್ಣದ ತೆಳು ರಾಡಿಯಾಗುತ್ತದೆ. ಜಾರಲು ಶುರುವಾಯಿತೆಂದರೆ ನಿಲ್ಲಿಸಿ, ಒರೆಸಿ ನೋಡಿ. ರಾಡಿ ಒಣಗಲು ಬಿಡಬೇಡಿ. ಫಾಯಿಲ್ ಹರಿದು ಚೂರಾದರೆ ಹೊಸ ತುಂಡು ತೆಗೆದುಕೊಳ್ಳಿ. ಒಂದು ಸಲಕ್ಕೆ ಅಂಗೈಯಗಲ ಜಾಗ ಸಾಕು.

ಈಗ ಉಗುರನ್ನು ಆ ಜಾಗದ ಮೇಲೆ ಮೆಲ್ಲಗೆ ಎಳೆಯಿರಿ. ನುಣುಪಾಗಿ ಹೋದರೆ ತುಕ್ಕು ಮೇಲ್ಮೈ ಕಲೆ ಮಾತ್ರ. ಉಗುರು ಸಿಕ್ಕಿಕೊಂಡರೆ ಗುಂಡಿ ಬಿದ್ದಿದೆ. ಉಜ್ಜಿದರೆ ಗುಂಡಿ ತುಂಬುವುದಿಲ್ಲ, ಸುತ್ತಲಿನ ಒಳ್ಳೆಯ ಲೇಪ ಸವೆಯುವುದಷ್ಟೇ ಲಾಭ. ಕಪ್ಪು ಚುಕ್ಕೆಯಾಗಿ ಅದನ್ನು ಅಲ್ಲಿಗೇ ಬಿಟ್ಟು ಮುಂದಿನ ಹೆಜ್ಜೆಗೆ ಹೋಗಿ.

ಮುಂದಿನ ಹೆಜ್ಜೆಯೇ ಮುಖ್ಯ, ಬಹಳ ಜನ ಬಿಡುವುದೂ ಇದನ್ನೇ. ತೊಳೆದು ಒರೆಸಿದ ಮೇಲೂ ಗುಂಡಿಯೊಳಗೆ ನೀರು ಉಳಿದಿರುತ್ತದೆ. ಹೇರ್ ಡ್ರೈಯರ್‌ನಿಂದ ಎರಡು ಮೂರು ನಿಮಿಷ ಬಿಸಿಗಾಳಿ ಹಿಡಿಯಿರಿ, ಲೋಹ ಕೈಗೆ ಬೆಚ್ಚಗಾಗುವಷ್ಟು. ಅದು ತಣಿದ ಮೇಲೆ ತೆಳುವಾಗಿ ಮೇಣ ಹಚ್ಚಿ, ಬೆರಳಿನಿಂದಲೇ ಗುಂಡಿಗೆ ಒತ್ತಿ. ಮಬ್ಬು ಕಟ್ಟಿದ ಮೇಲೆ ಒರೆಸಿ, ಒಂದು ಗಂಟೆ ಬಿಟ್ಟು ಎರಡನೇ ಸಲ ಹಚ್ಚಿ. ಈ ಹೆಜ್ಜೆ ತಪ್ಪಿದರೆ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಅದೇ ಚುಕ್ಕೆ ಮತ್ತೆ ಬರುತ್ತದೆ.

ಫಾಯಿಲ್‌ಗೆ ಬಗ್ಗದ ದಪ್ಪ ತುಕ್ಕಿಗೆ ಹಿತ್ತಾಳೆ ಅಥವಾ ಕಂಚಿನ ವೂಲ್ ಬಳಸಬಹುದು. ಅದು ಸಿಗದಿದ್ದರೆ ಮಾತ್ರ 0000 ದರ್ಜೆಯ, ಅಂದರೆ ಅತಿ ನಯವಾದ, ಸ್ಟೀಲ್ ವೂಲ್, ಅದೂ ಎಣ್ಣೆಯಲ್ಲಿ ನೆನೆಸಿ, ತುಕ್ಕಿನ ಮೇಲಷ್ಟೇ. ಸ್ಟೀಲ್ ವೂಲ್‌ನ ದೊಡ್ಡ ತೊಂದರೆ ಗೀರಲ್ಲ. ಅದರ ಎಳೆಗಳು ಮುರಿದು ಬೋಲ್ಟ್ ಸಂದಿ, ಸ್ಪೋಕ್ ಬುಡಗಳಲ್ಲಿ ಉಳಿದು ತಾವೇ ತುಕ್ಕು ಹಿಡಿದು ಹೊಸ ಕಲೆ ಮಾಡುತ್ತವೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಪ್ಯಾಡ್ ಬೇಡವೇ ಬೇಡ. ಅದರ ನಾರಿಗೆ ಉಜ್ಜುಪುಡಿ ಅಂಟಿಸಿರುತ್ತಾರೆ, ಕ್ರೋಮ್ ಮೇಲೆ ಸುಳಿಸುಳಿಯಾಗಿ ಮಂಕು ಗೆರೆ ಉಳಿಯುತ್ತದೆ.

ಪ್ರಶ್ನೆ: ಟಾಯ್ಲೆಟ್ ಕ್ಲೀನರ್ ಹಾಕಿದರೆ ತುಕ್ಕು ತಕ್ಷಣ ಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಂಬೆಹುಳಿ, ವಿನೆಗರ್ ಬಳಸಬಹುದೇ?

ಉತ್ತರ: ಟಾಯ್ಲೆಟ್ ಕ್ಲೀನರ್ ಬೈಕಿನ ಹತ್ತಿರವೂ ಸುಳಿಯಬಾರದು. ಅಂಥ ಹೆಚ್ಚಿನ ದ್ರವಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಪ್ಲೇಟಿಂಗ್ ಕಾರ್ಯಾಗಾರಗಳಲ್ಲಿ ಹಳೆಯ ಕ್ರೋಮ್ ಕಳಚಲು ಬಳಸುವುದೂ ಇದೇ ಆಮ್ಲವನ್ನು! ತುಕ್ಕು ಕರಗುವುದು ನಿಜ, ಜೊತೆಗೆ ಕ್ರೋಮ್ ಕೂಡ ಕರಗುತ್ತದೆ. ತೊಳೆದ ಮೇಲೂ ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಮುಂದಿನ ತುಕ್ಕಿಗೆ ಬೀಜ ಹಾಕುತ್ತದೆ. ಆ ಸೀಸೆಯನ್ನು ಬೈಕ್ ನಿಲ್ಲಿಸುವ ಮುಚ್ಚಿದ ಕೋಣೆಯಲ್ಲಿ ಇಡುವುದೂ ತಪ್ಪು, ಅದರ ಆವಿಯೇ ಸಾಕು. ಬಟ್ಟೆ ಬಿಳುಪು ಮಾಡುವ ಬ್ಲೀಚ್‌ಗೂ ಇದೇ ಮಾತು.

ವಿನೆಗರ್ ಸೌಮ್ಯ. ಗಡಸು ನೀರು ಒಣಗಿ ಉಳಿಯುವ ಬಿಳಿ ಸುಣ್ಣದ ಕಲೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಷ್ಟೇ ಪ್ರಮಾಣದ ನೀರು ಬೆರೆಸಿ, ಬಟ್ಟೆಗೆ ಹಾಕಿ ಒಂದೆರಡು ನಿಮಿಷ ಒತ್ತಿ ಹಿಡಿದು, ಕೂಡಲೇ ತುಂಬ ನೀರಿನಲ್ಲಿ ತೊಳೆಯಿರಿ. ನಿಂಬೆಹುಳಿಗೂ ಇದೇ ಕ್ರಮ. ರಾತ್ರಿಯಿಡೀ ನೆನೆಸಿಡುವುದು, ಜೊತೆಗೆ ಉಪ್ಪು ಬೆರೆಸುವುದು ಬೇಡ.

ಪ್ರಶ್ನೆ: ಎಂಜಿನ್‌ನಿಂದ ಹೊರಬರುವ ಬೆಂಡ್ ಪೈಪ್ ಮೊದಲು ಹೊನ್ನಿನ ಬಣ್ಣಕ್ಕೆ ತಿರುಗಿ ಈಗ ನೀಲಿಯಾಗಿದೆ. ಯಾವ ಪಾಲಿಶ್ ಒಳ್ಳೆಯದು?

ಉತ್ತರ: ಪಾಲಿಶ್ ಕೊಳ್ಳುವ ಮೊದಲು ಎಂಜಿನ್ ಪರೀಕ್ಷಿಸಿ. ಆ ಬಣ್ಣ ಕೊಳೆಯಲ್ಲ. ಬಿಸಿಗೆ ಲೋಹದ ಮೇಲ್ಮೈಯ ಆಕ್ಸೈಡ್ ಪೊರೆ ದಪ್ಪವಾಗುತ್ತದೆ, ಬೆಳಕು ಅದರಲ್ಲಿ ಬಣ್ಣವಾಗಿ ಕಾಣುತ್ತದೆ. ಬಿಸಿ ಹೆಚ್ಚಿದಂತೆ ತಿಳಿಹಳದಿ, ಕಂದು, ನೇರಳೆ, ನೀಲಿ ಎಂದು ಸಾಗುತ್ತದೆ. ಒಂದೇ ಗೋಡೆಯ, ಅಂದರೆ ಒಳಗೆ ಇನ್ನೊಂದು ಪೈಪ್ ಇಲ್ಲದ, ಪೈಪ್‌ನಲ್ಲಿ ಸಿಲಿಂಡರ್ ಹೆಡ್ ಹತ್ತಿರ ಹಳದಿ ಛಾಯೆ ಬರುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಡುನೀಲಿ ಬೆಂಡ್‌ನ ಉದ್ದಕ್ಕೂ ಹರಡಿದ್ದರೆ ಪೈಪ್ ಅಗತ್ಯಕ್ಕಿಂತ ಹೆಚ್ಚು ಕಾಯುತ್ತಿದೆ ಎಂದರ್ಥ.

ನೋಡಬೇಕಾದ್ದು ನಾಲ್ಕು. ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದ ಮಿಶ್ರಣ: ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಿಂಗಾಣಿ ತಿಳಿಕಂದು ಇದ್ದರೆ ಸರಿ, ಸುಣ್ಣದಂತೆ ಬಿಳುಚಿದ್ದರೆ ಅನುಮಾನ ಬಲವಾಗುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿದ್ದರೂ, ಇನ್‌ಟೇಕ್ ರಬ್ಬರ್ ಸೀಳಿದ್ದರೂ ಹೀಗಾಗುತ್ತದೆ. ಎರಡನೆಯದು, ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಹಾರುವ ಹೊತ್ತು, ತಡವಾಗಿರುವುದು. ಆಗ ಪೆಟ್ರೋಲ್ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆದು ಆ ಬಿಸಿ ಪೈಪ್‌ಗೆ ನುಗ್ಗುತ್ತದೆ. ಮೂರನೆಯದು, ಪೈಪ್ ಸಿಲಿಂಡರ್ ಹೆಡ್‌ಗೆ ಸೇರುವಲ್ಲಿನ ಗ್ಯಾಸ್ಕೆಟ್ ಸೋರಿ ಗಾಳಿ ಒಳನುಗ್ಗುವುದು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬರುತ್ತಿದ್ದರೆ ಇಲ್ಲಿ ಮೊದಲು ನೋಡಿ. ಕೊನೆಯದು ನಮ್ಮದೇ ಅಭ್ಯಾಸ. ನಿಂತಲ್ಲೇ ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿದರೆ ಪೈಪ್ ತಣಿಸುವ ಗಾಳಿಯೇ ಇರುವುದಿಲ್ಲ. ಎರಡು ಸಿಲಿಂಡರ್‌ನ ಬೈಕ್‌ನಲ್ಲಿ ಒಂದೇ ಪೈಪ್ ನೀಲಿಯಾಗಿದ್ದರೆ ಹುಡುಕಾಟ ಸುಲಭ, ತೊಂದರೆ ಆ ಸಿಲಿಂಡರ್ ಕಡೆಯೇ ಇದೆ.

ಕಾರಣ ಸರಿಪಡಿಸಿದ ಮೇಲೆ, ಪೂರ್ತಿ ತಣಿದ ಪೈಪ್‌ಗೆ ನೀಲಿ ತೆಗೆಯುವ ಪೇಸ್ಟ್ ಅಥವಾ ಸಣ್ಣ ಕಣದ ಕ್ರೋಮ್ ಪಾಲಿಶ್ ಹಚ್ಚಿ ಒದ್ದೆ ಬಟ್ಟೆಯಿಂದ ಉಜ್ಜಿ. ತೆಳು ನೀಲಿ ಪೂರ್ತಿ ಹೋಗುತ್ತದೆ, ಹಳೆಯ ಕಡುನೀಲಿ ಒಂದಿಷ್ಟು ಉಳಿಯಬಹುದು. ಪ್ರತಿ ಸಲ ಉಜ್ಜಿದಾಗಲೂ ಲೇಪ ಸವೆಯುವುದರಿಂದ ಉಳಿದ ಛಾಯೆಯನ್ನು ಒಪ್ಪಿಕೊಳ್ಳುವುದೇ ಜಾಣತನ. ನೀಲಿ ಮುಚ್ಚಲೆಂದು ಶಾಖನಿರೋಧಕ ಪಟ್ಟಿ ಸುತ್ತಬೇಡಿ. ಅದು ಶಾಖದ ಜೊತೆ ಮಳೆನೀರನ್ನೂ ಹಿಡಿದಿಟ್ಟು ಪೈಪನ್ನು ಒಳಗೊಳಗೇ ತಿನ್ನುತ್ತದೆ.

ಹೊಸ ಪೈಪ್ ಹಾಕಿಸುವವರಿಗೆ ಒಂದು ಮಾತು: ಮೊದಲ ಸಲ ಎಂಜಿನ್ ಚಾಲೂ ಮಾಡುವ ಮುನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುದ್ಧ ಬಟ್ಟೆಯಿಂದ ಪೈಪನ್ನು ಪೂರ್ತಿ ಒರೆಸಿ, ಆಲ್ಕೋಹಾಲ್ ಆರಿಹೋಗಲು ಬಿಡಿ. ಜೋಡಿಸುವಾಗ ಆದ ಬೆರಳಚ್ಚಿನ ಎಣ್ಣೆ ಒಮ್ಮೆ ಕಾದು ಸುಟ್ಟರೆ ಆ ಬೆರಳಚ್ಚು ಅಲ್ಲೇ ಉಳಿದುಬಿಡುತ್ತದೆ.

ಪ್ರಶ್ನೆ: ಬಿಸಿ ಸೈಲೆನ್ಸರ್‌ಗೆ ರೇನ್‌ಕೋಟ್ ತಾಗಿ ಕರಗಿ ಅಂಟಿಕೊಂಡಿದೆ. ಚಾಕುವಿನಲ್ಲಿ ಕೆರೆದರೆ ಗೀರು ಬೀಳುತ್ತದೆಂಬ ಭಯ.

ಉತ್ತರ: ಭಯ ಸರಿಯಾದದ್ದೇ. ಹೇರ್ ಡ್ರೈಯರ್‌ನಿಂದ ಅಂಟಿದ ಜಾಗವನ್ನು ಕಾಯಿಸಿ. ಪ್ಲಾಸ್ಟಿಕ್ ಮೆತ್ತಗಾದಾಗ ಮರದ ಪಟ್ಟಿ ಅಥವಾ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ. ದಪ್ಪ ಭಾಗ ಎದ್ದ ಮೇಲೆ ಉಳಿಯುವ ಕಪ್ಪು ಕಲೆಗೆ ತಣ್ಣಗಿನ ಪೈಪ್ ಮೇಲೆ ಓವನ್ ಕ್ಲೀನರ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಅದರಲ್ಲಿರುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕೇಸಿಂಗನ್ನು ಕಪ್ಪಾಗಿಸುತ್ತದೆ, ಪೇಂಟನ್ನು ಎಬ್ಬಿಸುತ್ತದೆ. ಅಕ್ಕಪಕ್ಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ. ತಿನ್ನರ್, ಪೆಟ್ರೋಲ್, ಅಸಿಟೋನ್ ಯಾವುದನ್ನೂ ಬಿಸಿ ಪೈಪ್ ಹತ್ತಿರ ತರಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆಯಲ್ಲಿ ತುಕ್ಕಿನ ಗುಂಡಿ ಬಿದ್ದಿದೆ. ಇದನ್ನೂ ಫಾಯಿಲ್‌ನಲ್ಲಿ ಉಜ್ಜಿದರೆ ಸಾಕೇ?

ಉತ್ತರ: ಇದು ಅಂದದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಫೋರ್ಕ್ ಕೊಳವೆಯ ಮೇಲಿರುವುದು ಹಾರ್ಡ್ ಕ್ರೋಮ್, ಸಾಮಾನ್ಯವಾಗಿ ನೇರ ಉಕ್ಕಿನ ಮೇಲೆಯೇ ಹತ್ತಾರು ಮೈಕ್ರಾನ್ ದಪ್ಪಕ್ಕೆ ಹಾಕಿ, ಅಳತೆಗೆ ತಕ್ಕಂತೆ ಸಾಣೆ ಹಿಡಿದಿರುತ್ತಾರೆ. ಕೊಳವೆ ಮೇಲೆ ಕೆಳಗೆ ಜಾರುವಾಗ ಆಯಿಲ್ ಸೀಲ್‌ನ ರಬ್ಬರ್ ತುಟಿ ಈ ಮೇಲ್ಮೈಯನ್ನು ಒತ್ತಿಕೊಂಡಿರುತ್ತದೆ. ಗುಂಡಿಯ ಚೂಪು ಅಂಚು ಆ ತುಟಿಯನ್ನು ಹರಿಯುತ್ತದೆ. ಎಣ್ಣೆ ಸೋರಿ ಶಾಕ್ ಹೀರುವ ಶಕ್ತಿ ಕುಗ್ಗುತ್ತದೆ, ಸೋರಿದ ಎಣ್ಣೆ ಬ್ರೇಕ್‌ಗೆ ಇಳಿದರೆ ಪ್ರಾಣಕ್ಕೇ ಕುತ್ತು. ಗುಂಡಿ ಹಾಗೇ ಬಿಟ್ಟು ಸೀಲ್ ಮಾತ್ರ ಬದಲಿಸಿದರೆ ಹೊಸ ಸೀಲ್ ಕೂಡ ಬೇಗನೇ ಹರಿಯುತ್ತದೆ.

ಮೊದಲು ಗುಂಡಿ ಸೀಲ್ ಓಡಾಡುವ ಜಾಗದಲ್ಲಿದೆಯೇ ನೋಡಿ. ಡಸ್ಟ್ ಸೀಲ್‌ಗೆ ತಾಗುವಂತೆ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಜಾರುವಷ್ಟು ಸಡಿಲವಿರಲಿ. ಎಂದಿನ ರಸ್ತೆಯಲ್ಲಿ ಓಡಿಸಿ, ಒಂದೆರಡು ಸಲ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಸೀಲ್ ಎಲ್ಲಿಯವರೆಗೆ ಹೋಗುತ್ತದೋ ಟೈ ಅಲ್ಲಿಗೆ ತಳ್ಳಿಸಿಕೊಂಡು ನಿಂತಿರುತ್ತದೆ. ಗುಂಡಿ ಆ ಗಡಿಯಾಚೆ, ಸಾಕಷ್ಟು ದೂರದಲ್ಲಿದ್ದರೆ ತುಕ್ಕು ತೆಗೆದು ಮೇಣ ಹಚ್ಚಿ ಬಿಡಬಹುದು.

ಗಡಿಯೊಳಗೆ ಒಂದೆರಡು ಸಣ್ಣ ಗುಂಡಿಗಳಿದ್ದರೆ ತಾತ್ಕಾಲಿಕ ರಿಪೇರಿ ಸಾಧ್ಯ. 2000 ನಂಬರಿನ ವಾಟರ್ ಪೇಪರ್‌ಗೆ ಎಣ್ಣೆ ಹಾಕಿ ಅಂಚಿನ ಉಬ್ಬನ್ನಷ್ಟೇ ಸಮ ಮಾಡಿ. ಗುಂಡಿಯ ತುಕ್ಕು ತೆಗೆದು, ಆಲ್ಕೋಹಾಲ್‌ನಲ್ಲಿ ಜಿಡ್ಡು ಬಿಡಿಸಿ, ಕಡ್ಡಿಯ ತುದಿಯಿಂದ ಒಂದು ಹನಿ ಎಪಾಕ್ಸಿ ಅಂಟು ತುಂಬಿ. 24 ಗಂಟೆ ಗಟ್ಟಿಯಾಗಲು ಬಿಟ್ಟು ಅದೇ ಪೇಪರ್‌ನಲ್ಲಿ ಕೊಳವೆಯ ಮಟ್ಟಕ್ಕೆ ತನ್ನಿ. ಉಜ್ಜುವ ದಿಕ್ಕು ಕೊಳವೆಯ ಸುತ್ತಲೂ ಇರಲಿ, ಉದ್ದುದ್ದ ಬೇಡ. ಉದ್ದದ ಗೀರು ಎಣ್ಣೆಗೆ ಹೊರಬರಲು ಕಾಲುವೆ ತೋಡಿಕೊಟ್ಟಂತೆ. ಪೇಪರ್‌ನ ಪುಡಿ ಸೀಲ್‌ಗೆ ಇಳಿಯದಂತೆ ಕೆಳಗೆ ಟೇಪ್ ಸುತ್ತಿ. ಗುಂಡಿಗಳು ಹಲವಿದ್ದರೆ, ಲೇಪ ಸಿಪ್ಪೆಯಾಗಿ ಏಳುತ್ತಿದ್ದರೆ ಈ ಪ್ರಯತ್ನ ಬೇಡ. ಹಾರ್ಡ್ ಕ್ರೋಮ್ ಮರುಲೇಪನ ಮತ್ತು ಸಾಣೆ ಮಾಡಿಸಿ, ಇಲ್ಲವೇ ಕೊಳವೆಯನ್ನೇ ಬದಲಿಸಿ.

ಪ್ರಶ್ನೆ: ಹೆಡ್‌ಲೈಟ್ ಸುತ್ತಲಿನ ಕ್ರೋಮ್ ಉಂಗುರಕ್ಕೆ ಪಾಲಿಶ್ ಹಾಕಿದ ಮೇಲೆ ಹೊಳಪು ಹೋಗಿ ಬೂದು ಪ್ಲಾಸ್ಟಿಕ್ ಕಾಣುತ್ತಿದೆ. ಸರಿಪಡಿಸಬಹುದೇ?

ಉತ್ತರ: ಇಲ್ಲ, ಉಂಗುರ ಬದಲಿಸಬೇಕು. ಅದು ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಹಿಡಿಸಿದ ಅತಿ ತೆಳು ಅಲ್ಯೂಮಿನಿಯಂ ಪೊರೆ, ಅದನ್ನು ಕಾಯುತ್ತಿದ್ದುದು ಮೇಲಿನ ಪಾರದರ್ಶಕ ಲ್ಯಾಕರ್. ಪಾಲಿಶ್‌ನ ಉಜ್ಜುಕಣ ಮೊದಲು ಲ್ಯಾಕರ್ ಕಿತ್ತಿತು, ಮರುಕ್ಷಣ ಅಲ್ಯೂಮಿನಿಯಂ ಕಿತ್ತಿತು. ಇಂಥ ಭಾಗಗಳಿಗೆ ಶಾಂಪೂ ನೀರು, ಮೆತ್ತನೆ ಬಟ್ಟೆ, ಉಜ್ಜುಕಣವಿಲ್ಲದ ಮೇಣ ಇಷ್ಟೇ ಸಾಕು.

ಯಾವ ಭಾಗ ಏನೆಂದು ತಿಳಿಯದೆ ಪಾಲಿಶ್ ಹಾಕುವುದರಿಂದಲೇ ಇಂಥ ನಷ್ಟ ಆಗುವುದು. ಉಗುರಿನಿಂದ ತಟ್ಟಿ ನೋಡಿ: ಪ್ಲಾಸ್ಟಿಕ್ ಸಪ್ಪೆ ಸದ್ದು ಮಾಡುತ್ತದೆ, ಮುಟ್ಟಿದರೆ ಲೋಹದಷ್ಟು ತಣ್ಣಗಿರುವುದಿಲ್ಲ. ಲೋಹವಾಗಿದ್ದರೆ, ಕಾಣದ ಮೂಲೆಯಲ್ಲಿ ಚೂರು ಪಾಲಿಶ್ ಹಾಕಿ ಬಿಳಿ ಬಟ್ಟೆಯಲ್ಲಿ ಉಜ್ಜಿ. ಸ್ವಚ್ಛ ಭಾಗವಾಗಿದ್ದೂ ಬಟ್ಟೆ ಕೂಡಲೇ ಕಪ್ಪಾದರೆ ಅದು ಪಾಲಿಶ್ ಮಾಡಿದ ಬರಿ ಅಲ್ಯೂಮಿನಿಯಂ. ಬಟ್ಟೆ ಬಹುತೇಕ ಬೆಳ್ಳಗೇ ಉಳಿದರೆ ಕ್ರೋಮ್.

ಪ್ರಶ್ನೆ: ಕ್ರೋಮ್ ಸಿಪ್ಪೆಯಾಗಿ ಏಳುತ್ತಿದೆ. ಮನೆಯಲ್ಲೇ ಮರುಲೇಪನ ಮಾಡಬಹುದೇ?

ಉತ್ತರ: ಖಂಡಿತ ಬೇಡ. ಕ್ರೋಮ್ ಪ್ಲೇಟಿಂಗ್‌ಗೆ ಹೆಚ್ಚಾಗಿ ಬಳಸುವ ಕ್ರೋಮಿಕ್ ಆಮ್ಲದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ರೂಪ ಕ್ಯಾನ್ಸರ್ ತರುವಂಥದ್ದು. ಎದ್ದ ಸಿಪ್ಪೆಯನ್ನು ಬೆರಳಿನಿಂದ ಕೀಳಲೂ ಹೋಗಬೇಡಿ, ನಿಕಲ್ ಅಂಚು ಬ್ಲೇಡಿನಷ್ಟೇ ಹರಿತ.

ಪ್ಲೇಟಿಂಗ್‌ಗೆ ಕೊಡುವಾಗ ಮೂರು ವಿಷಯ ಮಾತಾಡಿ. ಹಳೆಯ ಲೇಪ ಪೂರ್ತಿ ಕಳಚಿ, ಗುಂಡಿಗಳನ್ನು ತಾಮ್ರದಿಂದ ತುಂಬಿ ಸಮಮಾಡಿ ಆಮೇಲೆ ನಿಕಲ್ ಹಾಕುತ್ತಾರೆಯೇ ಕೇಳಿ. ನಿಕಲ್ ಎಷ್ಟು ಮೈಕ್ರಾನ್ ಎಂದು ಕೇಳಿ, ಬಾಳಿಕೆಯನ್ನು ನಿರ್ಧರಿಸುವುದು ಅದೇ. ಥ್ರೆಡ್ ಮತ್ತು ಬೇರಿಂಗ್ ಕೂರುವ ಜಾಗಗಳನ್ನು ಮುಚ್ಚಿ ಲೇಪಿಸಲು ಹೇಳಿ, ಇಲ್ಲವಾದರೆ ಮತ್ತೆ ಜೋಡಿಸುವಾಗ ಅಳತೆ ಕೂರುವುದಿಲ್ಲ. ಆಕ್ಸಲ್, ಬ್ರೇಕ್ ಕ್ಯಾಲಿಪರ್ ಹಿಡಿದಿರುವ ಬೋಲ್ಟ್‌ಗಳಂಥ ಬಲವಾದ ಉಕ್ಕಿನ ಭಾಗಗಳಿಗೆ ಅಂದಕ್ಕಾಗಿ ಕ್ರೋಮ್ ಹಾಕಿಸಬೇಡಿ. ಪ್ಲೇಟಿಂಗ್ ವೇಳೆ ಉಕ್ಕಿನೊಳಗೆ ಸೇರುವ ಹೈಡ್ರೋಜನ್ ಅದನ್ನು ಪೆಡಸಾಗಿಸುತ್ತದೆ. ಅಂಥ ಬೋಲ್ಟ್ ಯಾವ ಮುನ್ಸೂಚನೆಯೂ ಇಲ್ಲದೆ ತುಂಡಾಗಬಹುದು.

ಸೈಲೆನ್ಸರ್‌ನ ತಳದಲ್ಲಿ ಲೇಪ ಉಬ್ಬಿ ಏಳುತ್ತಿದ್ದರೆ ಪ್ಲೇಟಿಂಗ್‌ಗೂ ಕೊಡಬೇಡಿ. ತುಕ್ಕು ಒಳಗಿನಿಂದ ಬಂದಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವ ಬೈಕ್‌ನಲ್ಲಿ ಸೈಲೆನ್ಸರ್ ಕಾಯುವುದೇ ಇಲ್ಲ, ನೀರು ತಳದಲ್ಲಿ ನಿಲ್ಲುತ್ತದೆ. ತಳದ ಸಣ್ಣ ತೂತು ಆ ನೀರು ಹೊರಹೋಗಲೆಂದೇ ಇರುವುದು, ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಬೈಕ್ ಓಡಿಸಿ.

ಪ್ರಶ್ನೆ: ವಾರದ ತೊಳೆಯುವಿಕೆ ಹೇಗಿರಬೇಕು? ಪಾಲಿಶ್ ಎಷ್ಟು ದಿನಕ್ಕೊಮ್ಮೆ?

ಉತ್ತರ: ನೆರಳಿನಲ್ಲಿ, ಎಂಜಿನ್ ತಣಿದ ಮೇಲೆ. ಬಕೆಟ್ ಎರಡಿರಲಿ, ಒಂದರಲ್ಲಿ ವಾಹನಗಳ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರಿ ನೀರು. ಮಡ್‌ಗಾರ್ಡ್‌ನ ಒಳಮೈ ಮರೆಯಬೇಡಿ. ಅಲ್ಲಿ ಕೆಸರು ದಿನಗಟ್ಟಲೆ ಒದ್ದೆಯಾಗಿರುತ್ತದೆ, ಮಡಚಿದ ಅಂಚಿನ ತುಕ್ಕು ಅಲ್ಲಿಂದಲೇ ಹೊರಗೆ ಬರುವುದು. ರಿಮ್‌ನಲ್ಲಿ ಸ್ಪೋಕ್ ಬುಡಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಪ್ರೆಷರ್ ವಾಷರ್ ಇದ್ದರೆ ಚಕ್ರದ ಬೇರಿಂಗ್, ಸೈಲೆನ್ಸರ್ ಬಾಯಿಗೆ ನೇರ ಹೊಡೆಯಬೇಡಿ. ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒಣಗಿಸಿ.

ಪಾಲಿಶ್‌ಗೆ ದಿನ ಗೊತ್ತು ಮಾಡಬೇಡಿ. ತೊಳೆದು ಒಣಗಿಸಿದ ಮೇಲೂ ಮಂಕು ಉಳಿದಿದ್ದರೆ ಮಾತ್ರ ಹಾಕಿ. ಮೇಣವಂತೂ ನೀರು ಹನಿಗಟ್ಟದೆ ಹಾಳೆಯಂತೆ ಹರಡಲು ಶುರುವಾದಾಗಲೆಲ್ಲ ಹಚ್ಚಿ, ಮಳೆಗಾಲದಲ್ಲಿ ಸುಮಾರು ತಿಂಗಳಿಗೊಮ್ಮೆ. ಕಾರ್ನೂಬಾ ಮೇಣ 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವುದರಿಂದ ಬೆಂಡ್ ಪೈಪ್‌ಗೆ ಅದನ್ನು ಹಚ್ಚಿ ಉಪಯೋಗವಿಲ್ಲ.

ಪ್ರಶ್ನೆ: ಮೂರು ತಿಂಗಳು ಬೈಕ್ ನಿಲ್ಲಿಸಿ ಹೋಗಬೇಕಾಗಿದೆ. ಕ್ರೋಮ್‌ಗೆ ಏನು ಮಾಡಲಿ?

ಉತ್ತರ: ತೊಳೆದು, ಅರ್ಧ ಗಂಟೆ ಓಡಿಸಿ ಸಂದಿಗಳ ನೀರು ಆರಿಸಿ. ತಣಿದ ಮೇಲೆ ಮಡ್‌ಗಾರ್ಡ್, ಹ್ಯಾಂಡಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳಿಗೆ ಎರಡು ಸುತ್ತು ಮೇಣ, ಸೈಲೆನ್ಸರ್‌ಗೆ ಎಂಜಿನ್ ಆಯಿಲ್ ಅಥವಾ ಪೆಟ್ರೋಲಿಯಂ ಜೆಲ್ಲಿಯ ತೆಳು ಪೊರೆ. ರಿಮ್‌ಗೆ ಹಚ್ಚುವಾಗ ಸ್ಪ್ರೇ ಬೇಡ, ಬಟ್ಟೆಗೆ ಹಾಕಿಕೊಂಡು ಒರೆಸಿ. ಟೈರ್‌ಗೆ, ಬ್ರೇಕ್ ಡಿಸ್ಕ್‌ಗೆ ಒಂದು ಹನಿಯೂ ತಾಗಬಾರದು. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೆ ತೇವ ಕಟ್ಟುತ್ತದೆ, ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ. ಹಸಿ ಸಿಮೆಂಟ್ ನೆಲ, ರಸಗೊಬ್ಬರದ ಚೀಲ, ಆಮ್ಲದ ಡಬ್ಬಿ ಹತ್ತಿರ ನಿಲ್ಲಿಸಬೇಡಿ.

ಮರಳಿ ಬಂದು ಎಂಜಿನ್ ಚಾಲೂ ಮಾಡುವ ಮುನ್ನ ಸೈಲೆನ್ಸರ್ ಮತ್ತು ಪೈಪ್‌ನ ಎಣ್ಣೆಯನ್ನು ಆಲ್ಕೋಹಾಲ್ ಬಟ್ಟೆಯಿಂದ ಪೂರ್ತಿ ಒರೆಸಿ, ಆರಲು ಬಿಡಿ. ಬ್ರಾಕೆಟ್‌ನ ಹಿಂಬದಿಯನ್ನೂ ಒರೆಸಬೇಕು. ಅಲ್ಲಿ ಉಳಿದ ಎಣ್ಣೆ ಬಿಸಿಗೆ ಕರಗಿ ಪೈಪ್ ಮೇಲೆ ಇಳಿದರೆ, ಸುಟ್ಟ ಕಂದು ಗೆರೆ ತೆಗೆಯಲು ಮತ್ತೆ ಪಾಲಿಶ್ ಹಿಡಿಯಬೇಕಾಗುತ್ತದೆ.